ಎರಡು ಬ್ಲೇಡು, ಒಂದು ಟ್ಯಾಪೆಟ್ ಗೇಜು, ಸ್ವಲ್ಪ ಅನಿಶ್ಚಿತತೆ

ಕಾರವಾರದ ಮಳೆಗಾಲದಲ್ಲಿ ಬ್ಲೇಡಿಗೆ ತುಕ್ಕು ಹಿಡಿಯಲು ಹತ್ತು ದಿನ ಸಾಕು. ಇದು ಮೊದಲೇ ಹೊಳೆದಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ನಾನು ಪಿಯು ಮಕ್ಕಳಿಗೆ ಫಿಸಿಕ್ಸ್ ಕಲಿಸುವವನು. ಕಣದ ಜಾಗವನ್ನು ಬಿಗಿ ಮಾಡಿದಷ್ಟೂ ಅದರ ಸಂವೇಗ (ಚಲನೆಯ ಜೋರು, ದಿಕ್ಕು) ಹರಡುತ್ತದೆ ಅನ್ನುವ ಅನಿಶ್ಚಿತತೆಯ ಪಾಠ ಬಂತೆಂದರೆ ನಾವೆಲ್ಲ ಹೇಳುವುದು ಒಂದೇ ಕಥೆ. ಎಲೆಕ್ಟ್ರಾನ್ ನೋಡಲು ಬೆಳಕು ಬಿಟ್ಟರೆ ಆ ಬೆಳಕೇ ಅದನ್ನು ತಳ್ಳಿಬಿಡುತ್ತದೆ ಅಂತ. 1927ರಲ್ಲಿ ಈ ತತ್ವ ಕೊಟ್ಟ ಹೈಸೆನ್‌ಬರ್ಗನೇ ಹೇಳಿದ ಮೈಕ್ರೋಸ್ಕೋಪಿನ ಕಥೆ ಅದು. ಭೌತವಿಜ್ಞಾನಿ ನೀಲ್ಸ್ ಬೋರ್ ಆಗಲೇ ಅದರಲ್ಲಿ ತಪ್ಪು ಹಿಡಿದಿದ್ದ. (ಪಿಎಚ್‌ಡಿ ಪರೀಕ್ಷೆಯಲ್ಲೂ ಹೈಸೆನ್‌ಬರ್ಗ್ ಮೈಕ್ರೋಸ್ಕೋಪಿನ ಪ್ರಶ್ನೆಗೇ ತಡವರಿಸಿದ್ದ. ಪ್ರ್ಯಾಕ್ಟಿಕಲ್‌ನಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಇದನ್ನು ತಪ್ಪದೇ ಹೇಳುತ್ತೇನೆ.) ಈ ಕಥೆ ಕೇಳಿದ ಮಕ್ಕಳು ‘ಒಳ್ಳೆ ಉಪಕರಣ ತಂದ್ರೆ ಆಯ್ತಲ್ವಾ ಸರ್’ ಅನ್ನುತ್ತಾರೆ. ತಳ್ಳುವವರೇ ಇಲ್ಲದ ಕಡೆಯೂ ಅನಿಶ್ಚಿತತೆ ಇದೆ ಅಂತ, ಸ್ಲಿಟ್ ಅನ್ನುವ ಸಣ್ಣ ಸಂದಿಯಲ್ಲಿ ಲೇಸರ್ ಬಿಟ್ಟು, ಗೋಡೆಯ ಮೇಲೆ ಅಳತೆ ಸಮೇತ ತೋರಿಸಬೇಕು ಅನ್ನುವುದು ನನ್ನ ಹಟ.

ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ‘ಅದು ಡಿಫ್ರಾಕ್ಷನ್ ಮಾರಾಯ್ರೆ, ಸಂದಿಯಲ್ಲಿ ಅಲೆ ಹರಡುವುದು ಅಷ್ಟೆ. ಹೆಸರು ಬದಲಿಸಿದ್ರೆ ಕ್ವಾಂಟಂ ಆಗ್ತದಾ?’

ಮೊದಲು ಸ್ಕ್ರೂ ಇರುವ ಸ್ಲಿಟ್ ತರಿಸಿದೆ, ಸುಮಾರು 3,800 ರೂಪಾಯಿ ಕೊಟ್ಟು. ಜುಲೈ ಮುಗಿಯುವುದರೊಳಗೆ ಸ್ಕ್ರೂ ಕಚ್ಚಿಕೊಂಡು ಕೂತಿತು. ಕಪ್ಪು ಕಾಗದ ಸೀಳಿದೆ, ಥಂಡಿಗೆ ಉಬ್ಬಿತು. ಅಲ್ಯೂಮಿನಿಯಂ ಫಾಯಿಲ್ ಕೊಯ್ದರೆ ಅಂಚು ಹರಕು, ಗೋಡೆಯ ಮೇಲಿನ ಬೆಳಕೂ ಹರಕು. ಕೊನೆಗೆ ಎರಡು ಶೇವಿಂಗ್ ಬ್ಲೇಡುಗಳನ್ನು ಟೇಪಿನಿಂದ ಅಂಟಿಸಿದೆ. ಟೇಪು ಸಡಿಲಾಗಿ ಒಂದು ಬ್ಲೇಡು ಓರೆಯಾಯಿತು. ಬೆಳಕು ಬೀಸಣಿಗೆಯ ಹಾಗೆ ಹರಡಿತು. ತುಕ್ಕು ಬರಬಾರದು ಅಂತ ತೆಂಗಿನೆಣ್ಣೆ ಸವರಿದ್ದು ಇನ್ನೊಂದು ಮೂರ್ಖತನ. ಎಣ್ಣೆಯ ಪದರದಿಂದ ಗೆರೆಗಳೆಲ್ಲ ಕಲಸಿಹೋದವು. ಈಗ ಹೊಸ ಚಪ್ಪಲಿ ಡಬ್ಬದಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಊಟದ ಡಬ್ಬಿಯಲ್ಲಿಟ್ಟು ಮುಚ್ಚುತ್ತೇನೆ.

ದಾರಿ ಸಿಕ್ಕಿದ್ದು ಬೈತಖೋಲ ಬಂದರಿನಲ್ಲಿ. ಟ್ರಾಲಿಂಗ್ ನಿಷೇಧದ ಎರಡು ತಿಂಗಳು ಬೋಟುಗಳೆಲ್ಲ ದಡದಲ್ಲಿ, ಮೆಕ್ಯಾನಿಕ್‌ಗಳು ಎಂಜಿನ್ ಬಿಚ್ಚಿಕೊಂಡು ಕೂತಿರುತ್ತಾರೆ. ಪರಿಚಯದವನೊಬ್ಬ ಟ್ಯಾಪೆಟ್ ಸೆಟ್ ಮಾಡುತ್ತಿದ್ದ, ಅಂದರೆ ಎಂಜಿನ್ ವಾಲ್ವಿನ ಸಂದಿ ಸರಿಪಡಿಸುತ್ತಿದ್ದ. ಅವನ ಕೈಯಲ್ಲಿ ಫೀಲರ್ ಗೇಜು, 0.05 ಮಿಲಿಮೀಟರಿನಿಂದ ಶುರುವಾಗುವ ಉಕ್ಕಿನ ಎಲೆಗಳು. ಕೇಳಿದೆ. ‘ಮಾಸ್ತರೇ, ಇದು ಬೆಳಕು ಅಳಿಯೂಕಲ್ಲ’ ಅಂದ. ಆದರೂ ಕೊಟ್ಟ.

ಎರಡು ಬ್ಲೇಡುಗಳ ನಡುವೆ ಗೇಜಿನ ಎಲೆ ನಿಲ್ಲಿಸಿ, ಬ್ಲೇಡುಗಳನ್ನು ಗಾಜಿಗೆ ಅಂಟಿಸಿ, ಆಮೇಲೆ ಎಲೆಯನ್ನು ಎಳೆದು ತೆಗೆಯುವುದು. ಸಂದಿಯ ಎದುರು ಗಾಜು ಬರಬಾರದು. ಅಂಟು ಒಣಗುವಾಗ ಬ್ಲೇಡು ಸರಿಯದಂತೆ ಹಿಡಿಯಲು ನನ್ನದೊಂದು ಉಪಾಯ ಇದೆ. ಅದನ್ನು ಮುಂದಿನ ವಿಜ್ಞಾನ ಮೇಳದವರೆಗೆ ಹೇಳುವುದಿಲ್ಲ.

650 ನ್ಯಾನೋಮೀಟರಿನ ಕೆಂಪು ಲೇಸರ್, ಗೋಡೆ 4 ಮೀಟರ್ ದೂರ. 0.20ರ ಸ್ಲಿಟ್ಟಿಗೆ ನಡುವಿನ ಪಟ್ಟಿ ಎರಡೂವರೆ ಸೆಂಟಿಮೀಟರ್ ಚಿಲ್ಲರೆ. 0.10ಕ್ಕೆ ಐದೂ ಚಿಲ್ಲರೆ. 0.05ಕ್ಕೆ ಹತ್ತು ದಾಟಬೇಕಿತ್ತು, ಒಂಬತ್ತೂವರೆ ಬಂತು. ಎಲೆ ಎಳೆಯುವಾಗ ಸಂದಿ ತುಸು ಹಿಗ್ಗಿರಬೇಕು. ಮಕ್ಕಳಿಗೆ ಹಿಡಿಸಿದ್ದು ಬೇರೆಯೇ. ಸ್ಲಿಟ್ ನೆಟ್ಟಗಿದ್ದರೆ ಬೆಳಕು ಅಡ್ಡಕ್ಕೆ ಹರಡುತ್ತದೆ, ಮಲಗಿಸಿದರೆ ಮೇಲೆ ಕೆಳಗೆ. ಯಾವ ದಿಕ್ಕಿನಲ್ಲಿ ಜಾಗ ಇಕ್ಕಟ್ಟು ಮಾಡಿದೆವೋ ಆ ದಿಕ್ಕಿನಲ್ಲೇ ಸಂವೇಗ ಹರಡುತ್ತದೆ. ಬ್ಲೇಡಿಗೆ ಬಡಿದ ಬೆಳಕು ಅಲ್ಲೇ ನಿಂತಿತು. ಗೋಡೆಗೆ ಬಂದದ್ದು ಖಾಲಿ ಸಂದಿಯಲ್ಲಿ ಹಾದುಬಂದ ಬೆಳಕು. ಅದನ್ನು ಯಾರು ತಳ್ಳಿದರು?

ಲೆಕ್ಕ ಹಾಕಿದೆ. ಫೋಟಾನಿನ, ಅಂದರೆ ಬೆಳಕಿನ ಕಣದ, ಸಂವೇಗ ಎಂದರೆ ಕ್ವಾಂಟಂನ ಮೂಲ ಅಂಕಿಯಾದ ಪ್ಲಾಂಕ್ ಸ್ಥಿರಾಂಕವನ್ನು ತರಂಗದೂರದಿಂದ ಭಾಗಿಸಿದ್ದು. ಸ್ಲಿಟ್ಟಿನ ಅಗಲವನ್ನು ಸಂವೇಗದ ಹರಡುವಿಕೆಯಿಂದ ಗುಣಿಸಿದರೆ ನೇರ ಪ್ಲಾಂಕ್ ಸ್ಥಿರಾಂಕ. ಸಹೋದ್ಯೋಗಿ ಮತ್ತೆ ನಕ್ಕರು. ‘ಪ್ಲಾಂಕನನ್ನು ನೀವೇ ಒಳಗೆ ಹಾಕಿ ನೀವೇ ಹೊರಗೆ ತೆಗೆದ್ರಿ.’ ಮಾತು ಸರಿ ಇತ್ತು, ಆ ರಾತ್ರಿ ನಿದ್ದೆ ಬರಲಿಲ್ಲ.

ಸ್ಥಿರಾಂಕವನ್ನು ಬೇರೆ ಕಡೆಯಿಂದ ತರಬೇಕಿತ್ತು. ಎಲ್ಇಡಿ ಹತ್ತುವ ವೋಲ್ಟೇಜಿನಿಂದ ಒಂದು ಫೋಟಾನಿನ ಶಕ್ತಿ ಅಂದಾಜಾಗುತ್ತದೆ, ಅದನ್ನು ಅಳೆದೆ. ಕೆಂಪಿಗೆ ಹತ್ತಿರ ಹತ್ತಿರ 1.8, ನೀಲಿಗೆ 2.5. ಬಣ್ಣದ ತರಂಗದೂರವನ್ನು ಹಳೆ ಸಿಡಿಯಿಂದ ತೆಗೆದೆ, ಅದರ ಗೆರೆಗಳ ನಡುವಿನ ಅಂತರ 1.6 ಮೈಕ್ರಾನ್. ಸ್ಥಿರಾಂಕ 6.2 × 10⁻³⁴ರ ಆಸುಪಾಸು ಸಿಕ್ಕಿತು. ನಿಜವಾದದ್ದು 6.6. ತೆಂಗಿನೆಣ್ಣೆ ಕಾಲದಿಂದ ಇಲ್ಲಿಗೆ ಬಂದವನಿಗೆ ಅಷ್ಟು ಸಾಕು. ಆ ಅಂಕಿ ಹಾಕಿ ಗುಣಿಸಿದಾಗ ಕೆಂಪು ಲೇಸರಿಗೆ 6.2, ಹಸಿರಿಗೆ 6.1. ಪಟ್ಟಿಯ ಅಗಲ ಬೇರೆ, ಗುಣಲಬ್ಧ ಒಂದೇ. 1927ರಲ್ಲೇ ಭೌತವಿಜ್ಞಾನಿ ಕೆನಾರ್ಡ್ ಅನಿಶ್ಚಿತತೆಗೆ ಕೊಟ್ಟ ಕನಿಷ್ಠ ಮಿತಿ ಇದರ ಹನ್ನೆರಡನೇ ಒಂದು ಭಾಗದಷ್ಟು ಅನ್ನುತ್ತೀರಿ, ಗೊತ್ತು. ಅವನು ಹರಡುವಿಕೆ ಅಳೆಯುವ ಕ್ರಮವೇ ಬೇರೆ. ನಾನು ಮೊದಲ ಕತ್ತಲೆ ಗೆರೆಯವರೆಗೆ ಅಳೆದೆ.

ಸಹೋದ್ಯೋಗಿ ಈ ಸಲ ನಗಲಿಲ್ಲ. ‘ಹ್ಞೂಂ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಮಧ್ಯೆ ದಾರಿ ತಪ್ಪಿದ್ದೂ ಇದೆ. ವೈರಿನ ಒಂದು ತಾಮ್ರದ ಎಳೆಗೆ ಲೇಸರ್ ಬಿಟ್ಟು, ಎಡಬದಿಗೆ ಒಂದು ಪೋಲರಾಯ್ಡ್ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಬಿಡುವ ಹಾಳೆ), ಬಲಬದಿಗೆ ಅದಕ್ಕೆ ಅಡ್ಡಲಾಗಿ ಇನ್ನೊಂದು ಇಟ್ಟೆ. ಯಾವ ಬೆಳಕು ಯಾವ ಬದಿಯದು ಅನ್ನುವ ಗುರುತು ಬಿದ್ದದ್ದೇ ತಡ, ಎಳೆಯ ನೆರಳಿನೊಳಗಿನ ಸಣ್ಣ ಗೆರೆಗಳು ಮಾಯ. ಗೋಡೆಯ ಮುಂದೆ ಮೂರನೆಯದನ್ನು 45 ಡಿಗ್ರಿ ಓರೆಯಾಗಿ ಹಿಡಿದರೆ ಗೆರೆಗಳು ವಾಪಸ್! ‘ಹಾಗಾದ್ರೆ ಬೆಳಕು ಯಾವ ಬದಿಯಿಂದ ಹೋಯ್ತು ಸರ್?’ ಬೋರ್, ಹೈಸೆನ್‌ಬರ್ಗರ ಪಂಥದ ಕೋಪನ್‌ಹೇಗನ್‌ನವರು ಆ ಪ್ರಶ್ನೆಯನ್ನೇ ಕೇಳಬೇಡಿ ಅನ್ನುತ್ತಾರೆ. ಕಣ ಒಂದೇ ಬದಿಯಿಂದ ಹೋಗುತ್ತದೆ, ಅದಕ್ಕೆ ದಾರಿ ತೋರಿಸುವ ಅಲೆ ಎರಡೂ ಬದಿಯಿಂದ ಹೋಗುತ್ತದೆ ಅನ್ನುವುದು 1952ರ ಬೋಮ್. ಬಹುಲೋಕ ವಾದದ, 1957ರ ಎವರೆಟ್‌ಗೆ ಎರಡೂ ನಿಜ. ನನಗೆ ಬೋಮ್ ಇಷ್ಟ, ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಬಹುದು. ಆದರೆ ಮೂವರೂ ಹೇಳುವ ಗೆರೆಗಳು ಒಂದೇ, ನಮ್ಮ ಗೋಡೆ ನೋಡಿ ಯಾರನ್ನೂ ಬಿಡಲಾಗದು. ಅದೂ ಅಲ್ಲದೆ ಒಂದು ಮಿಲಿವ್ಯಾಟ್ ಲೇಸರಿನಲ್ಲಿ ಸೆಕೆಂಡಿಗೆ 3 × 10¹⁵ ಫೋಟಾನುಗಳು ನುಗ್ಗುತ್ತವೆ. ಒಂದೊಂದಾಗಿ ಬಿಟ್ಟೆ ಅಂತ ಸುಳ್ಳು ಹೇಳಲಾರೆ.

ಖರ್ಚು? ಕಚ್ಚಿಕೊಂಡ ಸ್ಲಿಟ್ ಬಿಟ್ಟರೆ ಲೇಸರ್ ಎರಡೂ ಸೇರಿ 550, ಬ್ಲೇಡು, ಅಂಟು, ಪೋಲರಾಯ್ಡ್ ಎಲ್ಲ ಸೇರಿ ಒಂಬೈನೂರರ ಒಳಗೆ. ಆಗಸ್ಟ್ ಒಂದಕ್ಕೆ ಬೋಟು ನೀರಿಗಿಳಿಯುವ ಮೊದಲು ಗೇಜು ವಾಪಸ್ ಕೊಡಲು ಹೋದೆ. 0.05ರ ಎಲೆ ಬಗ್ಗಿತ್ತು. ಅವನು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, ಏನೂ ಹೇಳದೆ ನನ್ನ ಕೈಗೇ ಕೊಟ್ಟ. ಹೊಸ ಸೆಟ್ಟಿಗೆ 250 ಆಯಿತು, ಅದನ್ನೂ ಸೇರಿಸಿಕೊಳ್ಳಿ.