ಲಾಲ್‌ಬಾಗಿನ ಬಂಡೆ, ಕಪ್ಪು ಬಿಳುಪಿನಲ್ಲಿ

ಲಾಲ್‌ಬಾಗಿನ ಬಂಡೆಯ ಚಿತ್ರ ತೆಗೆಯುವವರು ಸಾಮಾನ್ಯವಾಗಿ ಅದರ ಮೇಲಿರುವ ಕೆಂಪೇಗೌಡರ ಗೋಪುರಕ್ಕೇ ಪ್ರಾಧಾನ್ಯ ಕೊಡುತ್ತಾರೆ. ನನಗೆ ಬೇಕಾಗಿದ್ದುದು ಬಂಡೆಯ ಮೈ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಈ ನೈಸ್ (gneiss) ಎಂಬ ಶಿಲೆಯಲ್ಲಿ ತಿಳಿ ಮತ್ತು ಕಡು ಪಟ್ಟೆಗಳು ಬಳುಕುತ್ತ ಸಾಗುತ್ತವೆ. ಬಣ್ಣವಿಲ್ಲದ ಚಿತ್ರದಲ್ಲಿ ಅವು ಇನ್ನಷ್ಟು ಎದ್ದು ಕಾಣುತ್ತವೆ. ಆದ್ದರಿಂದ ಗೋಪುರವನ್ನು ಬಂಡೆಯ ಗಾತ್ರ ತಿಳಿಯುವುದಕ್ಕೆ ಸಾಕಾಗುವಷ್ಟು ಚಿಕ್ಕದಾಗಿ ಬಲಮೂಲೆಯ ಮೇಲ್ಗಡೆಗೆ ಸರಿಸಿ, ಚೌಕಟ್ಟಿನ ಮುಕ್ಕಾಲು ಪಾಲನ್ನು ಬಂಡೆಗೇ ಬಿಟ್ಟೆ. ಬೆಳಗಿನ ವಾಯುವಿಹಾರಿಗಳಲ್ಲಿ ಯಾರಾದರೂ ದೂರದಲ್ಲಿ ನಿಂತಿದ್ದರೆ ಗೋಪುರದ ಅಗತ್ಯವೂ ಇರುತ್ತಿರಲಿಲ್ಲವೇನೋ, ಆದರೆ ಅವರು ನಿಲ್ಲುವುದಿಲ್ಲ.

ಡಿಸೆಂಬರಿನಲ್ಲಿ ಮರಗಳ ಮೇಲಿನಿಂದ ಬರುವ ಮೊದಲ ಬಿಸಿಲು ಬಂಡೆಯನ್ನು ಸವರಿಕೊಂಡು ಓರೆಯಾಗಿ ಹಾಯುವುದರಿಂದ, ಬೆರಳಿನ ದಪ್ಪದ ಉಬ್ಬಿಗೂ ಅದರದೇ ನೆರಳು ಮೂಡುತ್ತದೆ. ಹತ್ತು ಗಂಟೆಯ ಹೊತ್ತಿಗೆ ಆ ನೆರಳುಗಳೆಲ್ಲ ಕುಗ್ಗಿ ಬಂಡೆ ಬರೀ ಬೂದು ಇಳಿಜಾರಾಗುತ್ತದೆ.

ಶುಭ್ರವಾದ ನೀಲಿ ಆಕಾಶವನ್ನು ಕಪ್ಪಾಗಿಸಲು ಕೆಂಪು ಫಿಲ್ಟರ್ ಹಾಕುವ ರೂಢಿಯಿದೆ. ಆದರೆ ಬಿಸಿಲು ತಾಗದ ಬಿರುಕುಗಳಿಗೆ ಬೆಳಕು ಸಿಗುವುದು ಅದೇ ನೀಲಿ ಆಕಾಶದಿಂದ. ಕೆಂಪು ಫಿಲ್ಟರ್ ನೀಲಿಯನ್ನು ತಡೆದಾಗ ಆಕಾಶದ ಜೊತೆಗೆ ಬಿರುಕುಗಳೂ ಕಪ್ಪಾಗಿ, ಒಳಗಿನ ವಿವರ ಕಾಣೆಯಾಗುತ್ತದೆ. ಮೇಲಾಗಿ ಕಪ್ಪು ಆಕಾಶ ನೋಡುವವರ ಕಣ್ಣನ್ನು ಬಂಡೆಯಿಂದ ಕಿತ್ತುಕೊಳ್ಳುತ್ತದೆ ಎಂಬುದು ನನ್ನ ಅಭಿಪ್ರಾಯ. ನಾನು ಹಳದಿ ಫಿಲ್ಟರನ್ನೇ ಬಳಸಿ, ಅದು ತಡೆಯುವ ಬೆಳಕಿಗಾಗಿ ಒಂದು ಸ್ಟಾಪ್ ಸೇರಿಸಿದೆ, ಅಂದರೆ ಫಿಲ್ಮಿಗೆ ಎರಡರಷ್ಟು ಬೆಳಕು ಬಿಟ್ಟೆ. ಬಿರುಕಿನ ನೆರಳಿಗೆ ಬೆಳಕು ಅಳೆಯುವ ಮೀಟರ್ ಹಿಡಿದು ಬಂದ ಅಳತೆಗಿಂತ ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಷರ್ ಕೊಟ್ಟದ್ದರಿಂದ, ನೆರಳು ಗಾಢವಾಗಿದ್ದರೂ ಅದರೊಳಗಿನ ಕಲ್ಲಿನ ಒರಟುತನ ನೆಗೆಟಿವ್‌ನಲ್ಲಿ ಉಳಿಯಿತು.

ಇಷ್ಟಾದರೂ ಸಂಯೋಜನೆಯ ಅರ್ಧ ಕೆಲಸ ಡಾರ್ಕ್‌ರೂಮಿನಲ್ಲೇ ನಡೆಯಿತು. ನೇರವಾಗಿ ತೆಗೆದ ಪ್ರಿಂಟಿನಲ್ಲಿ ಕೆಳಗಿನ ಎಡಮೂಲೆಯ ತಿಳಿ ಪಟ್ಟೆಯೊಂದು ಕಣ್ಣನ್ನು ಚೌಕಟ್ಟಿನಿಂದ ಹೊರಗೆಳೆಯುತ್ತಿತ್ತು. ರಟ್ಟಿನ ತುಂಡೊಂದನ್ನು, ನೆಗೆಟಿವ್‌ನ ಬಿಂಬವನ್ನು ಕಾಗದದ ಮೇಲೆ ಹಿಗ್ಗಿಸಿ ಬೀಳಿಸುವ ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು, ಅಂಚಿನ ಗುರುತು ಬೀಳದಂತೆ ಅಲುಗಾಡಿಸುತ್ತ, ಆ ಮೂಲೆಗೆ ಮಾತ್ರ ಹೆಚ್ಚು ಬೆಳಕು ಬೀಳಿಸಿ ಅದನ್ನು ಮಂಕಾಗಿಸಿದೆ; ಪ್ರಿಂಟಿನ ಕಾಗದ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಆಕಾಶಕ್ಕೂ ಅಂಚಿನಿಂದ ಗೋಪುರದ ತುದಿಯವರೆಗೆ ಹಾಗೆಯೇ ಮಾಡಿದೆ. ಇದರಿಂದ ನಡುವಿನ ಪಟ್ಟೆಗಳೇ ಚಿತ್ರದ ಅತ್ಯಂತ ಬೆಳ್ಳಗಿನ ಭಾಗವಾದವು.

ಪ್ರಿಂಟ್ ಒಣಗಿದಾಗ ತುಸು ಗಾಢವಾಗುತ್ತದೆ. ಹಾಗಾಗಿ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣದಿಂದ ಎತ್ತಿದ ಪ್ರತಿಗಳಲ್ಲಿ ಆಕಾಶ ಸ್ವಲ್ಪ ಹೆಚ್ಚೇ ತೆಳುವಾಗಿ ಕಂಡದ್ದನ್ನು ಆರಿಸಿಕೊಂಡೆ.