ಹಳೇ ರೈಫಲ್ ಕೊಳ್ಳುವಾಗ ನಾನು ನೋಡುವುದು ನಳಿಗೆಯನ್ನು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಯ ಲೈಸೆನ್ಸ್ ಸಿಕ್ಕಿದ ಮೇಲೆ ಹೊಸ ರೈಫಲ್‌ಗಳ ಬೆಲೆ ವಿಚಾರಿಸಿ ಸುಮ್ಮನಾದೆ. 2020ರಿಂದೀಚೆಗೆ ಕೋವಿಯೂ ದುಬಾರಿ, ತೋಟಾವೂ ದುಬಾರಿ. ಹಿಂದೆ ನೂರು ಡಾಲರ್ ಆಸುಪಾಸಿಗೆ ಸಿಗುತ್ತಿದ್ದ ರಷ್ಯಾ ಸೈನ್ಯದ ಹಳೇ ಮೋಸಿನ್ ನಾಗಾಂಟ್‌ಗೂ ಈಗ ಅದರ ಹಲವು ಪಟ್ಟು ಕೇಳುತ್ತಾರೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ದಾರಿ ಹಿಡಿದೆ. (ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಊರಿನವರಿಗೆ ಇದನ್ನೆಲ್ಲ ಹೇಳಿದರೆ ಹೌಹಾರುತ್ತಾರೆ.)

ಇಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಯಾಡುವ ಸೀಸನ್ ಶುರುವಾಗುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಶನಿವಾರ. ಅದಕ್ಕೆ ಮುಂಚೆ ಚೌಕಾಸಿ ನಡೆಯುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಅಂಗಡಿಗೆ ಹೋದರೆ ಮಾತು ಬೇರೆ.

ಹೆಸರಿನ ಹಿಂದೆ ಬೀಳಬಾರದು. 1964ಕ್ಕೆ ಮುಂಚಿನ ವಿಂಚೆಸ್ಟರ್ 70 ಸಂಗ್ರಹಕಾರರ ಪಾಲು. ಬಡವರ ಕೋವಿ ಎನಿಸಿಕೊಂಡಿದ್ದ ಮಾರ್ಲಿನ್ 336 ಕೂಡ ಈಗ ಜಂಬ ಮಾಡುತ್ತದೆ. ನನಗೆ ಹಿಡಿಸಿದ್ದು ಸ್ಯಾವೇಜ್ 110. 1958ರಿಂದ ಬರುತ್ತಿರುವ ಮಾಡೆಲ್, ನೋಡಲು ಚಂದವಿಲ್ಲ, ಗುರಿ ಮಾತ್ರ ನೆಟ್ಟಗೆ. .30-06, .308, .243 ಅಳತೆಯದಾದರೆ ತೋಟಾ ಎಲ್ಲಾ ಕಡೆ ಸಿಗುತ್ತದೆ. .300 ಸ್ಯಾವೇಜ್‌ನಂಥ ಹಳೇ ಅಳತೆಯ ರೈಫಲ್ ಅಗ್ಗಕ್ಕೆ ಸಿಗಬಹುದು, ಆಮೇಲೆ ತೋಟಾ ಹುಡುಕುವುದೇ ಕೆಲಸವಾಗುತ್ತದೆ.

ಕೈಗೆ ಬಂದ ಕೂಡಲೇ ಖಾಲಿ ಇದೆಯಾ ಅಂತ ನಾನೇ ನೋಡುತ್ತೇನೆ. ಮಾರುವವರನ್ನು ಕೇಳಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಭಾಗ) ಹೊರಗೆಳೆದು, ಒಂದು ತುದಿಯಿಂದ ಟಾರ್ಚ್ ಬಿಟ್ಟು, ನಳಿಗೆಯೊಳಗೆ ಇಣುಕುತ್ತೇನೆ. ಸುರುಳಿ ಗೀರುಗಳು ಚೂಪಾಗಿ ಹೊಳೆಯಬೇಕು. ಕಪ್ಪು ಗುಳಿಗಳಿದ್ದರೆ ತುಕ್ಕು ತಿಂದಿದೆ ಎಂದರ್ಥ, ಅಲ್ಲಿಗೇ ಕೆಳಗಿಡುತ್ತೇನೆ. ಆಮೇಲೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ನಳಿಗೆಯ ಬಾಯಿಯಂಚಿನಲ್ಲಿ ಒಳಗಿನಿಂದ ಹೊರಕ್ಕೆ ಸುತ್ತಲೂ ಎಳೆಯುತ್ತೇನೆ. ಎಲ್ಲಾದರೂ ಹತ್ತಿ ಎಳೆ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟಾಗಿದೆ. ಗುಂಡು ಕೊನೆಯದಾಗಿ ಮುಟ್ಟುವ ಜಾಗ ಅದೇ ಅಲ್ವಾ, ಗುರಿ ಕೆಡುತ್ತದೆ. ಸ್ಕ್ರೂ ತಲೆ ಕಿತ್ತುಹೋಗಿದ್ದರೆ ಯಾರೋ ಮನೆಯಲ್ಲೇ ಬಿಚ್ಚಿ ಆಟವಾಡಿದ್ದಾರೆ. ಮರದ ಮೇಲಿನ ಗೀರುಗಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಬೆಲೆ ಇಳಿಸುವುದೇ ಅವು. ಹಿಡಿಯ ಹತ್ತಿರ ಬಿರುಕಿದ್ದರೆ ಮಾತ್ರ ಬೇಡ.

ರೆಮಿಂಗ್ಟನ್ 700 ಆದರೆ ಇನ್ನೊಂದು ವಿಷಯ. 2006ರಿಂದ 2014ರ ಏಪ್ರಿಲ್‌ವರೆಗೆ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಹಾಕಿದ್ದವನ್ನು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು. ಸರಿ ಮಾಡಿಸಿದ್ದಾರಾ ಅಂತ ಕೇಳದೆ ದುಡ್ಡು ಕೊಡಬೇಡಿ.

ಆನ್‌ಲೈನ್ ಹರಾಜಿನಲ್ಲಿ ಅಗ್ಗ ಅನ್ನಿಸುತ್ತದೆ. ಬೇರೆ ರಾಜ್ಯದಿಂದ ಬರುವ ರೈಫಲ್ ನಮ್ಮೂರಿನ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಬರಬೇಕು. ಸಾಗಣೆ ಖರ್ಚು, ಡೀಲರ್ ಫೀಸು ಸೇರಿಸಿದರೆ ಉಳಿತಾಯ ಕರಗುತ್ತದೆ, ಮೇಲಾಗಿ ಹತ್ತಿಕಡ್ಡಿ ಹಾಕಿ ನೋಡಲಾಗುವುದಿಲ್ಲ. ಡೀಲರ್ ಬಳಿ ಕೋವಿ ಕೊಳ್ಳುವವರು ತುಂಬಬೇಕಾದ ಸರ್ಕಾರಿ 4473 ಫಾರ್ಮ್ ತುಂಬಿ, ಹಿನ್ನೆಲೆ ತಪಾಸಣೆ ಮುಗಿದ ಮೇಲೇ ರೈಫಲ್ ಕೈಗೆ. ಅಲ್ಲಿಂದ ಸೀದಾ ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಕೊಂಡೊಯ್ದು ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾ ಕೂರಲು ಇರುವ ಜಾಗ, ಅಳೆಸುತ್ತೇನೆ. ಅದಾಗುವವರೆಗೆ ಒಂದು ಗುಂಡನ್ನೂ ಹಾರಿಸುವುದಿಲ್ಲ.