ಮಾಕಳಿ ಬೇರು, ಅಡೇನಿಯಂ: ನನ್ನ ತಾರಸಿಯ ಎರಡು ಗಿಡಗಳು

ಉಪ್ಪಿನಕಾಯಿ ಹಾಕುವ ಮಾಕಳಿ ಬೇರು ಮಾರ್ಕೆಟ್ಟಿಗೆ ಬಂದಿದೆ ಅಂತ ತಿಳಿಯಲು ನಮ್ಮ ಅತ್ತೆಗೆ ಕಣ್ಣು ಬೇಡ, ಮೂಗು ಸಾಕು. ಅಷ್ಟು ಗಾಢ ವಾಸನೆ ಅದು. ಒಂದು ವರ್ಷ ತಂದ ಕಂತೆ ಬಿಚ್ಚಿ ನೋಡಿದರೆ ಬೇರುಗಳೆಲ್ಲ ಪೆನ್ಸಿಲ್ ಗಾತ್ರ. "ಬಲಿಯೋಕೆ ಮುಂಚೆನೇ ಕಿತ್ತಿದಾರೆ ಕಣಮ್ಮ. ಇನ್ನು ಬೆಟ್ಟದಲ್ಲಿ ಏನು ಉಳಿಯುತ್ತೆ?" ಅಂದರು ಅತ್ತೆ. ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ನಾವೇ ಬೆಳೆಸೋಣ ಅಂತ ಅವತ್ತೇ ನಿರ್ಧಾರ ಮಾಡಿದೆ.

ಅದೇ ವರ್ಷ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಒಂದು ಅಡೇನಿಯಂ ಗಿಡವನ್ನೂ ತಂದಿದ್ದೆ. ಕೆಂಪು ಗುಲಾಬಿ ಬಣ್ಣದ ಹೂವು, ಕೆಳಗೆ ಊದಿಕೊಂಡ ಬುಡ. ಹೀಗೆ ನಮ್ಮ ಬಂಡೆ ಬೆಟ್ಟಗಳ ಬಳ್ಳಿಯೊಂದು, ಅರೇಬಿಯಾ ಮತ್ತು ಆಫ್ರಿಕಾದ ಒಣ ನೆಲದ ಪೊದೆಯೊಂದು, ತುಮಕೂರಿನ ನಮ್ಮ ತಾರಸಿಗೆ ಒಟ್ಟಿಗೇ ಬಂದವು. ಈಗ ಆರು ವರ್ಷ ಆಯ್ತು. ನೀರು ಕಡಿಮೆ ಇರುವ ಮನೆಗೆ ಇವೆರಡರಲ್ಲಿ ಯಾವುದು ಸರಿ ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ನನಗೆ ಆದದ್ದನ್ನು ಬರೆಯುತ್ತಿದ್ದೇನೆ.

ಮಾಕಳಿಯಲ್ಲಿ ಮೊದಲ ಸಲ ಸೋತೆ. ಕಂತೆಯಿಂದ ಎರಡು ದಪ್ಪ ಬೇರು ಆರಿಸಿ ಕುಂಡದಲ್ಲಿ ಹೂತಿದ್ದೆ. ಗೆಣಸಿನ ಹಾಗೆ ಚಿಗುರುತ್ತದೆ ಅಂದುಕೊಂಡಿದ್ದೆ. ಒಂದು ತಿಂಗಳಿಗೆ ಕೊಳೆತು ಹೋದವು. ಬಳ್ಳಿಗೂ ಬೇರಿಗೂ ನಡುವೆ ಒಂದು ಗಂಟು ಇರುತ್ತದೆ, ಚಿಗುರು ಬರುವುದು ಅಲ್ಲಿಂದ. ಮಾರಾಟಕ್ಕೆ ಬರುವ ಬೇರಿಗೆ ಆ ಗಂಟೇ ಇರುವುದಿಲ್ಲ. ಆಮೇಲೆ ಔಷಧಿ ಗಿಡ ಬೆಳೆಸುವ ಒಂದು ನರ್ಸರಿಯಿಂದ ಗೇಣುದ್ದದ ಸಸಿ ತಂದೆ.

ಅದಕ್ಕೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮೇ ಬೇಕು ಅಂತ ಹಟ ಹಿಡಿದೆ. ಬೇರು ಕೆಳಗೂ ಪಕ್ಕಕ್ಕೂ ಹೋಗುವ ಬಳ್ಳಿ ಇದು, ಸಣ್ಣ ಕುಂಡದಲ್ಲಿ ನ್ಯಾಯ ಸಿಗುವುದಿಲ್ಲ. ತಳಕ್ಕೆ ತೂತು ಕೊರೆಸಿ, ಇಟ್ಟಿಗೆ ಚೂರು ಹರಡಿ, ಮೇಲೆ ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿಸಿದೆ. ಪಕ್ಕದಲ್ಲಿ ನೀರಿನ ಟ್ಯಾಂಕಿನ ಕಂಬಿಗೆ ಹಗ್ಗ ಕಟ್ಟಿ ಹಬ್ಬಲು ಬಿಟ್ಟೆ. ಮೊದಲ ವರ್ಷ ಬಳ್ಳಿ ಮೊಣಕಾಲೆತ್ತರ ದಾಟಲಿಲ್ಲ. ಎರಡನೇ ಮಳೆಗಾಲದಲ್ಲಿ ಟ್ಯಾಂಕಿನ ಮೇಲಕ್ಕೇ ಹೋಯಿತು.

ಅಡೇನಿಯಂ ಕಥೆ ಉಲ್ಟಾ. ಬಂದ ದಿನದಿಂದ ಹೂವು ಕೊಟ್ಟಿತು. ಆ ಖುಷಿಗೆ ದಿನಾ ನೀರು ಹಾಕಿದೆ, ತೆಂಗಿನ ನಾರಿನ ಪುಡಿ ತುಂಬಿದ ಕುಂಡದಲ್ಲೇ ಬಿಟ್ಟೆ. ಜುಲೈನಲ್ಲಿ ನಾಲ್ಕು ದಿನ ಜಡಿ ಮಳೆ ಹಿಡಿಯಿತು. ಐದನೇ ದಿನ ಬುಡ ಒತ್ತಿ ನೋಡಿದರೆ ಕಳಿತ ಸಪೋಟದ ಹಾಗೆ ಬೆರಳು ಒಳಗೆ ಹೋಯಿತು. ಗಿಡ ಕಿತ್ತು, ಕಂದು ಬಣ್ಣದ ಕೊಳೆತ ಭಾಗವನ್ನೆಲ್ಲ ಬಿಳಿ ತಿರುಳು ಕಾಣುವವರೆಗೂ ಕೊಯ್ದೆ. ಒಂದೊಂದು ಕೊಯ್ತಕ್ಕೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡೆ. ಗಾಯಕ್ಕೆ ಶಿಲೀಂಧ್ರನಾಶಕ ಪುಡಿ ಹಚ್ಚಿ ನೆರಳಲ್ಲಿ ಹತ್ತು ದಿನ ಒಣಗಿಸಿದೆ. ಆಮೇಲೆ ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪವೇ ಗೊಬ್ಬರ ಹಾಕಿ ಅಗಲವಾದ, ಆಳ ಕಡಿಮೆ ಇರುವ ಕುಂಡಕ್ಕೆ ಕೂರಿಸಿದೆ. ಬದುಕಿತು. ಈಗಲೂ ಅದರ ಬುಡದಲ್ಲಿ ಆ ಗಾಯದ ಕುಳಿ ಇದೆ.

ಮಾಕಳಿಯನ್ನು ಉಳಿಸಿದ್ದು ಈ ಪಾಠವೇ. ಬಳ್ಳಿ ಅಂದ ಮೇಲೆ ನೀರು ಬೇಕು ಅಂತ ಅದಕ್ಕೂ ದಿನಾ ಸುರಿಯುತ್ತಿದ್ದೆ. ಅಡೇನಿಯಂ ಕೊಯ್ದಾಗ ಹೊಳೆಯಿತು: ಇದು ತನ್ನ ನೀರನ್ನು ಬುಡದಲ್ಲಿ ಕೂಡಿಟ್ಟುಕೊಳ್ಳುತ್ತದೆ, ಮಾಕಳಿ ಬೇರಿನಲ್ಲಿ ಕೂಡಿಡುತ್ತದೆ. ಕಲ್ಲು ಬಂಡೆಯ ಸಂದಿಯಲ್ಲಿ ಬೇಸಿಗೆ ಕಳೆಯುವ ಬಳ್ಳಿಗೆ ನಾನು ಯಾಕೆ ದಿನಾ ನೀರುಣಿಸಬೇಕು? ಅವತ್ತಿನಿಂದ ಬೇಸಿಗೆಯಲ್ಲಿ ಮಾಕಳಿಗೆ ವಾರಕ್ಕೆ ಎರಡು ಸಲ, ಪ್ರತಿ ಸಲ ಅರ್ಧ ಬಕೆಟ್. ಅಡೇನಿಯಂಗೆ ಮೂರು ನಾಲ್ಕು ದಿನಕ್ಕೆ ಒಂದು ಚೊಂಬು, ಅದೂ ಬೆರಳು ತೂರಿಸಿ ಮಣ್ಣು ಒಣಗಿದೆ ಅಂತ ಖಾತ್ರಿಯಾದ ಮೇಲೆ. ಚಳಿಗಾಲದಲ್ಲಿ ಇನ್ನೂ ಕಡಿಮೆ. ಮಳೆಗಾಲದಲ್ಲಿ ಅಡೇನಿಯಂ ಸಜ್ಜಾದ ಕೆಳಗೆ ಹೋಗುತ್ತದೆ, ಮಾಕಳಿ ಮಳೆಯಲ್ಲೇ ಇರುತ್ತದೆ.

ಎರಡಕ್ಕೂ ಇನ್ನೊಂದು ನಂಟಿದೆ. ಎಲೆ ಚಿವುಟಿದರೆ ಎರಡರಲ್ಲೂ ಹಾಲು ಬರುತ್ತದೆ. ಕಣಗಿಲೆ, ಎಕ್ಕ ಇರುವ ಕುಟುಂಬವೇ ಇವುಗಳದ್ದೂ. ಕಾಯಿ ಕೂಡ ಕೊಂಬಿನ ಹಾಗೆ ಜೋಡಿಯಾಗಿ ಬರುತ್ತದೆ. ಒಡೆದರೆ ಒಳಗೆ ರೇಷ್ಮೆಯಂಥ ಕೂದಲಿನ ಬೀಜ. ಒಮ್ಮೆ ಎರಡರ ಬೀಜವನ್ನೂ ಅಂಗೈಯಲ್ಲಿಟ್ಟು ನೋಡಿದೆ. ಮಾಕಳಿ ಬೀಜಕ್ಕೆ ಒಂದೇ ತುದಿಯಲ್ಲಿ ಜುಟ್ಟು. ಅಡೇನಿಯಂ ಬೀಜ ಸಣ್ಣ ಕಡ್ಡಿಯ ಹಾಗಿದ್ದು ಎರಡೂ ತುದಿಗೆ ಜುಟ್ಟು. ಯೆಮೆನ್‌ನಲ್ಲಿ ಅಡೇನಿಯಂ ಕಂಡು ಬರೆದಿಟ್ಟ ಸಸ್ಯಶಾಸ್ತ್ರಜ್ಞ ಫೋರ್ಸ್ಕಾಲ್ 1763ರಲ್ಲಿ ಅಲ್ಲೇ ತೀರಿಕೊಂಡ. 1775ರಲ್ಲಿ ಅವನ ಬರಹ ಅಚ್ಚಾದಾಗ ಈ ಗಿಡಕ್ಕೆ ಇದ್ದದ್ದು ಕಣಗಿಲೆ ಜಾತಿಯದೇ ಹೆಸರು. ಹೂವು ನೋಡಿದರೆ ನಮಗೂ ಹಾಗೇ ಅನಿಸುತ್ತದೆ, ಅಲ್ವಾ? ಕಣಗಿಲೆಗೆ ಬರುವ ದಪ್ಪ ಹಸಿರು ಹುಳ ಇದಕ್ಕೂ ಬರುತ್ತದೆ. ಒಂದೇ ರಾತ್ರಿಯಲ್ಲಿ ರೆಂಬೆ ಬೋಳು ಮಾಡುತ್ತದೆ. ನಾನು ಕೈಯಲ್ಲೇ ಹೆಕ್ಕಿ ತೆಗೆಯುತ್ತೇನೆ.

ಈ ನಂಟಿನಲ್ಲೇ ಅಪಾಯವೂ ಇದೆ. ಪಕ್ಕದ ಮನೆಯವರು ಅಡೇನಿಯಂ ಬುಡ ಸವರಿ, "ಇದನ್ನೂ ಉಪ್ಪಿನಕಾಯಿ ಹಾಕ್ತೀರಾ ಅಕ್ಕ?" ಅಂತ ಕೇಳಿದ್ದರು. ನನಗೆ ಎದೆ ಧಸಕ್ ಅಂದಿತು. ಅಡೇನಿಯಂ ಹಾಲು ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ. ಆಫ್ರಿಕಾದಲ್ಲಿ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದದ್ದು ಇದನ್ನೇ. ಅವತ್ತೇ ಎರಡು ಗಿಡಗಳನ್ನೂ ತಾರಸಿಯ ಬೇರೆ ಬೇರೆ ಮೂಲೆಗೆ ಸರಿಸಿದೆ. ಅಡೇನಿಯಂಗೆ ಬಳಸುವ ಚಾಕು, ಗ್ಲೌಸ್ ಬೇರೆ ಡಬ್ಬಿಯಲ್ಲಿವೆ, ಅಡಿಗೆಮನೆಗೆ ಬರುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳೋ ಎಲೆ ಕಡಿಯುವ ನಾಯಿಯೋ ಇದ್ದರೆ ಅಡೇನಿಯಂ ಸದ್ಯಕ್ಕೆ ಬೇಡ ಅಂತಲೇ ನಾನು ಹೇಳುವುದು.

ಮೂರು ವರ್ಷ ಕಾದು, ಸಂಕ್ರಾಂತಿ ಕಳೆದ ಮೇಲೆ ಮಾಕಳಿ ಅಗೆದೆ. ಕಾಡಿನಲ್ಲಿ ಇಡೀ ಬಳ್ಳಿ ಕಿತ್ತು ತರುತ್ತಾರೆ, ಅಲ್ಲಿಗೆ ಆ ಬಳ್ಳಿ ಮುಗಿಯಿತು. ದಕ್ಷಿಣ ಭಾರತ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಈ ಬಳ್ಳಿ ಇವತ್ತು ಅಳಿವಿನ ಅಂಚಿಗೆ ಬಂದಿರುವುದಕ್ಕೆ ದೊಡ್ಡ ಕಾರಣ ಅದೇ. ನಾನು ಡ್ರಮ್ಮಿನ ಒಂದು ಪಕ್ಕದ ಮಣ್ಣನ್ನು ಮಾತ್ರ ಕೈಯಿಂದ ಕೆದಕಿ, ಹೆಬ್ಬೆರಳಿಗಿಂತ ದಪ್ಪ ಇದ್ದ ಬೇರುಗಳನ್ನು ಗಂಟಿನಿಂದ ನಾಲ್ಕು ಬೆರಳು ಬಿಟ್ಟು ಕೊಯ್ದು, ಹೊಸ ಮಣ್ಣು ತುಂಬಿದೆ. ಒಂದೂವರೆ ಕೆಜಿ ಸಿಕ್ಕಿತು. ಬಳ್ಳಿ ಬಾಡಲಿಲ್ಲ. ಎರಡು ವರ್ಷ ಬಿಟ್ಟು ಇನ್ನೊಂದು ಪಕ್ಕ ತೆಗೆದೆ.

ಮೊದಲ ಸಲ ಅಗೆದಾಗ ಅತ್ತೆ ಕುರ್ಚಿ ಹಾಕಿಕೊಂಡು ಕೂತು ಉಪ್ಪಿನಕಾಯಿ ಹೇಳಿಕೊಟ್ಟರು. ಬೇರನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಮಣ್ಣು ಬಿಡಿಸಬೇಕು. ಕಂದು ಸಿಪ್ಪೆ ಹೆರೆಯಬೇಕು. ಉದ್ದಕ್ಕೆ ಸೀಳಿ ನಡುವಿನ ಕಟ್ಟಿಗೆಯಂಥ ನಾರು ಎಳೆದು ಬಿಸಾಡಬೇಕು. ಉಳಿದ ಬಿಳಿ ತಿರುಳನ್ನು ಸಣ್ಣಗೆ ಹೆಚ್ಚಿ ತಕ್ಷಣ ಹುಳಿ ಮಜ್ಜಿಗೆಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ಉಪ್ಪು, ಅರಿಶಿನ, ಒಣಮೆಣಸಿನಕಾಯಿ ಮತ್ತು ಸಾಸಿವೆ ಅರೆದ ಖಾರ, ಅಷ್ಟೇ. ಹೆಚ್ಚುವಾಗ ಮನೆ ತುಂಬ ಆ ವಾಸನೆ. ಮೊದಲ ಸಲ ಮೂಸಿದವರಿಗೆ ತಿಗಣೆ ನೆನಪಾಗುವುದೂ ಉಂಟು. ನನಗೆ ವೆನಿಲ್ಲಾ ನೆನಪಾಗುತ್ತದೆ. ಅದು ಸುಮ್ನೆ ಅನಿಸಿಕೆಯಲ್ಲ. ವೆನಿಲ್ಲಾ ಪರಿಮಳದ ವೆನಿಲಿನ್ ಮತ್ತು ಈ ಬೇರಿನ ಪರಿಮಳದ ವಸ್ತು ಎರಡರಲ್ಲೂ ಇರುವುದು ಅವೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿ. ಜೋಡಣೆ ಮಾತ್ರ ಬೇರೆ. ಹದಿನೈದು ದಿನ ಬಿಟ್ಟು ಜಾಡಿ ತೆಗೆದು ಮೊಸರನ್ನದ ಜೊತೆ ನೆಂಚಿಕೊಂಡ ಅತ್ತೆ ಮಾತೇ ಆಡಲಿಲ್ಲ. ತಟ್ಟೆ ಮುಂದೆ ಚಾಚಿ ಇನ್ನೊಂದು ಚಮಚ ಹಾಕಿಸಿಕೊಂಡರು.

ಹಾಗಾದರೆ ಯಾವುದು? ಬಾಡಿಗೆ ಮನೆ, ಸಣ್ಣ ಬಾಲ್ಕನಿ, ದಿನಕ್ಕೆ ಆರು ಗಂಟೆ ಬಿಸಿಲು ಇದ್ದರೆ ಅಡೇನಿಯಂ. ಕುಂಡ ಎತ್ತಿಕೊಂಡು ಮನೆ ಬದಲಿಸಬಹುದು, ಮೊದಲ ವರ್ಷವೇ ಹೂವು. ವರ್ಷಕ್ಕೊಮ್ಮೆ ಕುಂಡ ಬದಲಿಸುವಾಗ ಬುಡವನ್ನು ಒಂದು ಇಂಚು ಮೇಲಕ್ಕೆತ್ತಿ ನೆಟ್ಟರೆ ಆ ಊದಿದ ಬುಡದ ಅಂದ ಜಾಸ್ತಿಯಾಗುತ್ತದೆ. ಸ್ವಂತ ಮನೆ, ಡ್ರಮ್ಮಿಗೆ ಜಾಗ, ಕಾಯುವ ಮನಸ್ಸು ಇದ್ದರೆ ಮಾಕಳಿ. ಒಂದನ್ನೇ ಇಟ್ಟುಕೋ ಅಂದರೆ ನಾನು ಮಾಕಳಿಯನ್ನೇ ಆರಿಸುತ್ತೇನೆ. ಅಡೇನಿಯಂ ಯಾವ ನರ್ಸರಿಯಲ್ಲೂ ಸಿಗುತ್ತದೆ. ಮಾಕಳಿ ಸಸಿಗೆ ನಾನು ನಾಲ್ಕು ಕಡೆ ಅಲೆದಿದ್ದೆ.

ಹೋದ ವರ್ಷ ನಮ್ಮ ಬಳ್ಳಿಯಲ್ಲಿ ಕಾಯಿ ಬಲಿತವು. ಒಡೆದು ಹಾರಿಹೋಗುವ ಮುಂಚೆ ಬಟ್ಟೆ ಕಟ್ಟಿ ಬೀಜ ಹಿಡಿದುಕೊಂಡೆ. ಆ ವಾರವೇ ಬಿತ್ತಿದ್ದರಲ್ಲಿ ಹನ್ನೊಂದು ಮೊಳೆತವು. ಡಬ್ಬಿಯಲ್ಲಿಟ್ಟು ಎಂಟು ತಿಂಗಳ ನಂತರ ಬಿತ್ತಿದ್ದರಲ್ಲಿ ಒಂದೂ ಏಳಲಿಲ್ಲ. ಹನ್ನೊಂದರಲ್ಲಿ ಮೂರನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ. ಅವರ ಡ್ರಮ್ಮಿಗೆ ಈ ವಾರ ಮಣ್ಣು ತುಂಬಿಸಬೇಕು.